ಅಟ್ಟದ ಪಗಡಿಯನ್ನು ಗುಜರಿಗೆ ಹಾಕಬೇಡಿ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳೇ ಮನೆಗಳ ಯಜಮಾನರೇ, ತಾಯಂದಿರೇ,

ವಾಡೆ ಕೆಡವುವಾಗಲೋ ಅಣ್ಣತಮ್ಮಂದಿರು ಪಾಲಾಗುವಾಗಲೋ ಅಟ್ಟದಿಂದ ಗಂಟೊಂದು ಕೆಳಗಿಳಿಯುತ್ತದೆ. ಬಿಚ್ಚಿದರೆ ಪಗಡಿ ಹಾಸು, ಬಣ್ಣ ಮಾಸಿದ ಮರದ ಕಾಯಿಗಳು, ಬೆರಳುದ್ದದ ದಾಳಗಳು. 'ಜೂಜಿನ ಸಾಮಾನು, ಪೊಲೀಸರ ಉಸಾಬರಿ ಯಾಕೆ' ಎಂದು ಗುಜರಿಗೆ ಹಾಕಿಬಿಡುತ್ತೀರಿ. ದಯವಿಟ್ಟು ಹಾಗೆ ಮಾಡಬೇಡಿ.

ಕರ್ನಾಟಕ ಪೊಲೀಸ್ ಕಾಯ್ದೆ, 1963 ಹಿಡಿಯುವುದು ಜೂಜಾಡುವವರನ್ನು, ಲಾಭಕ್ಕಾಗಿ ಜೂಜಿನ ಅಡ್ಡೆ ನಡೆಸುವವರನ್ನು. ಅಜ್ಜನ ಪಗಡಿ ಪೆಟ್ಟಿಗೆಯಲ್ಲಿದ್ದ ಮಾತ್ರಕ್ಕೆ ನೀವು ಅಪರಾಧಿಯಲ್ಲ. ಆದರೆ ಹಬ್ಬದ ನೆಪದಲ್ಲಿ ಅದೇ ಹಾಸನ್ನು ಕಟ್ಟೆಗೆ ತಂದು ದುಡ್ಡು ಕಟ್ಟಿ ಆಡಿದಿರೋ, ಹಾಸು, ದಾಳ, ಪಣದ ಹಣ ಎಲ್ಲವೂ ಜಪ್ತಿಯಾಗಬಹುದು. ಮಟ್ಕಾ ಚೀಟಿ ಬರೆಯುವವನಿಗಿಲ್ಲದ ಹೆದರಿಕೆ ಪಗಡಿ ಕಾಪಾಡಿಕೊಂಡ ಮನೆಯವರಿಗೇಕೆ?

ಎಚ್ಚರ ಬೇಕಾಗಿರುವುದು ದಾಳದ ವಿಷಯದಲ್ಲಿ. ಕೆಲವು ಮೂಳೆಯವು, ಕೆಲವು ಆನೆದಂತದವು. ದಾಳದ ತುದಿಯನ್ನು ಬಿಸಿಲಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕಿಗಳು ಕಂಡರೆ ಮೂಳೆ. ಬಾಗಿದ ನವುರು ಗೆರೆಗಳು ಒಂದನ್ನೊಂದು ಹಾಯ್ದುಹೋಗಿದ್ದರೆ ದಂತ. ದಂತವೆಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಎಷ್ಟೇ ಹಳೆಯದಾದರೂ ಮಾರುವಂತಿಲ್ಲ, ಇಟ್ಟುಕೊಳ್ಳಲು ಮಾಲೀಕತ್ವದ ಪ್ರಮಾಣಪತ್ರ ಬೇಕು. ಹಿರಿಯರು ತೀರಿಕೊಂಡು ವಾರಸಾಗಿ ಬಂದಿದ್ದರೆ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಿಸಬೇಕು. ಅವಧಿ ಮೀರಿದೆಯೆಂದು ಮುಚ್ಚಿಡಬೇಡಿ. ವಕೀಲರನ್ನು ಕೇಳಿಕೊಂಡು ಕಲಬುರಗಿಯ ಅರಣ್ಯ ಇಲಾಖೆ ಕಚೇರಿಗೆ ಹೋಗಿ.

ಇನ್ನು ಹಾಸು, ಕಾಯಿ. ನೂರು ವರ್ಷ ದಾಟಿದ್ದರೆ ಅವು 1972ರ ಇನ್ನೊಂದು ಕಾಯ್ದೆಯ ಪ್ರಕಾರ ಪ್ರಾಚ್ಯವಸ್ತು. ಮನೆಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ, ವಿದೇಶಕ್ಕೆ ಕಳಿಸುವಂತಿಲ್ಲ. ಪ್ರಾಚ್ಯವಸ್ತು ವ್ಯಾಪಾರಕ್ಕೆ ಲೈಸೆನ್ಸ್ ಬೇಕು. 'ಹಳೇ ಸಾಮಾನು ಇದ್ದರೆ ಕೊಡ್ರಿ' ಎಂದು ಬಾಗಿಲಿಗೆ ಬಂದವನಿಗೆ ಮೊದಲು ಲೈಸೆನ್ಸ್ ತೋರಿಸು ಅನ್ನಿ. ತೂಕದ ಲೆಕ್ಕದಲ್ಲಿ ಅವನು ಕೊಡುವ ದುಡ್ಡು ಒಂದು ದಿನದ ಸಂತೆಗೂ ಸಾಲದು.

ಈ ವಾರವೇ ಗಂಟು ಬಿಚ್ಚಿ, ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಯಾರ ಕಾಲದ್ದು, ಯಾವ ಹಬ್ಬಕ್ಕೆ ಆಡುತ್ತಿದ್ದರು, ಯಾರಿಗೆ ಆಟ ಗೊತ್ತಿದೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಇಟ್ಟುಕೊಳ್ಳಲು ಜಾಗವಿಲ್ಲವೆಂದರೆ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಕೊಟ್ಟರೆ ರಸೀದಿ ಕೇಳಿ ಪಡೆಯಿರಿ.