ಮುದ್ದೆ ತಿನ್ನೋರಿಗೆ ಶುಗರ್ ಬರಲ್ಲ ಅನ್ನೋ ಮಾತು ಇನ್ನು ಸಾಕು

ರಾಗಿ ಕೊಯ್ದು ಮೆದೆ ಹಾಕಿದ್ದಾಯ್ತು. ಒಕ್ಕಣೆ ಮಿಷನ್ ಸಿಗೋವರೆಗೆ ಸ್ವಲ್ಪ ಬಿಡುವು. ಅದಕ್ಕೆ ಈ ಸಲ ಬೆಳೆ ಬಿಟ್ಟು ಊಟದ ವಿಚಾರ ಬರೀತೀನಿ.

ಮೊನ್ನೆ ಡೈರಿ ಹತ್ರ ಹಾಲು ಹಾಕೋಕೆ ನಿಂತಿದ್ದೆ. ಒಬ್ಬರು, “ನಿಮ್ಮವ್ವಂಗೆ ಶುಗರಂತಲ್ಲ, ಮೂರು ಹೊತ್ತೂ ಮುದ್ದೆ ಹಾಕು, ಅನ್ನ ಮುಟ್ಟಿಸಬೇಡ, ತಾನೇ ಇಳಿಯುತ್ತೆ” ಅಂದ್ರು. ಪಕ್ಕದೋರು, “ರಾತ್ರಿ ಊಟನೇ ಬಿಡಿಸಪ್ಪ” ಅಂದ್ರು. ಅಲ್ಲಿ ನಾನು ಜಗಳ ಆಡಲಿಲ್ಲ. ಇಲ್ಲಿ ಆಡ್ತೀನಿ. ಈ ಎರಡು ಮಾತು ನಂಬಿ ನಮ್ಮವ್ವನ್ನ ಕಳ್ಕೊಳ್ಳೋದರಲ್ಲಿದ್ದೆ.

ಅವ್ವಂಗೆ 72 ವರ್ಷ. ಹೋದ ವರ್ಷ ರಾಗಿ ಕೂಳೆ ಚುಚ್ಚಿ ಕಾಲಲ್ಲಿ ಆದ ಗಾಯ ತಿಂಗಳಾದರೂ ಮಾಯಲಿಲ್ಲ. ರಾತ್ರಿ ನಾಲ್ಕೈದು ಸಲ ಎದ್ದು ಹೊರಗೆ ಹೋಗೋಳು, ವಯಸ್ಸಾಯ್ತು ಬಿಡು ಅಂದ್ಕೊಂಡಿದ್ವಿ. ಆಸ್ಪತ್ರೆಯಲ್ಲಿ ನೋಡಿದ್ರೆ ಖಾಲಿ ಹೊಟ್ಟೆ ಸಕ್ಕರೆ 210. ಮೂರು ತಿಂಗಳ ಸರಾಸರಿ ಹೇಳೋ ಎಚ್‌ಬಿಎ1ಸಿ 9.8. ಹುಟ್ಟಿದಾಗಿಂದ ಮುದ್ದೆ ತಿಂದ ಜೀವ ಅದು. ನಾನೂ ಅವತ್ತಿನವರೆಗೆ “ರಾಗಿ ತಿನ್ನೋನಿಗೆ ಶುಗರ್ ಬರಲ್ಲ” ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೋನೇ.

ರಾಗಿ ಮೇಲೆ ನನಗೆ ಕೋಪ ಇಲ್ಲ. ಜಿಪಿಯು-28 ಬೆಳೆದು ಬದುಕ್ತಿರೋನು ನಾನು. ನಾರಿದೆ, ಸುಣ್ಣದಂಶ ಇದೆ, ಪಾಲಿಶ್ ಅಕ್ಕಿಗಿಂತ ಮೇಲು. ಆದರೆ ರಾಗಿನೂ ಹಿಟ್ಟೇ ಕಣ್ರೀ. 100 ಗ್ರಾಂ ರಾಗಿಯಲ್ಲಿ ಹತ್ತತ್ರ 70 ಗ್ರಾಂ ಪಿಷ್ಟ, ಅಕ್ಕಿಯಲ್ಲಿ 78ರ ಆಸುಪಾಸು. ವ್ಯತ್ಯಾಸ ಇರೋದು ಇಷ್ಟೇ. ಒಂದಿನ ಹಠಕ್ಕೆ ಬಿದ್ದು ತಕ್ಕಡಿ ಇಟ್ಟು ತೂಗಿದೆ. ನಮ್ಮನೆ ಒಂದು ಮುದ್ದೆಗೆ 120 ಗ್ರಾಂ ಹಿಟ್ಟು ಬೀಳುತ್ತೆ. ಅಂದ್ರೆ ಒಂದು ಮುದ್ದೆಗೆ 84 ಗ್ರಾಂ ಪಿಷ್ಟ. ಅವ್ವ ಹೊತ್ತಿಗೆ ಒಂದೂವರೆ ಉಣ್ಣೋಳು, ಜೊತೆಗೆ ನೀರು ಸಾರು. ಕಳೆ ಕೀಳೋಳು, ನೀರು ಹೊರೋಳು, ಆಗ ಕರಗ್ತಿತ್ತು. ಈಗ ಜಗಲಿ ಮೇಲೆ ಕೂತಿರ್ತಾಳೆ. ಮೈಕೆಲಸ ಹೋಯ್ತು, ಮುದ್ದೆ ಗಾತ್ರ ಹಂಗೇ ಉಳೀತು. ನಮ್ಮದೂ ಅದೇ ಕಥೆ ಅಲ್ವಾ? ಉಳೋಕೆ ಟ್ರ್ಯಾಕ್ಟರ್, ಡೈರಿಗೆ ಬೈಕು, ಊಟ ಮಾತ್ರ ಅಪ್ಪನ ಕಾಲದ್ದು.

ಇನ್ನು ಆ ಇನ್ನೊಂದು ಬುದ್ಧಿವಾದ. ಬೆಂಗಳೂರಲ್ಲಿರೋ ನಮ್ಮ ಷಡ್ಡಕ ಫೋನ್ ಮಾಡಿ, ರಾತ್ರಿ ಊಟ ನಿಲ್ಲಿಸಿ, ಸೌತೆಕಾಯಿ ಮಜ್ಜಿಗೆ ಸಾಕು ಅಂದ. ಡಾಕ್ಟರು ಕೊಟ್ಟಿದ್ದು ಎರಡು ಹೊತ್ತಿನ ಮಾತ್ರೆ, ಅದರಲ್ಲಿ ಗ್ಲಿಮೆಪಿರೈಡ್ ಇತ್ತು. ಊಟ ನಿಲ್ಲಿಸಿದ್ವಿ, ಮಾತ್ರೆ ನಿಲ್ಲಿಸಲಿಲ್ಲ. “ಹೊಟ್ಟೆ ಸಂಕಟ ಆಗ್ತದೆ ಕಣ್ ಮಗ” ಅಂತ ಅವ್ವ ಎರಡು ದಿನ ಹೇಳಿದ್ಲು. ನಾನು, “ಬಾಯಿ ಕಟ್ಟಬೇಕು ಕಣವ್ವ” ಅಂದೆ. ಮೂರನೇ ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಹಸುಗೆ ಹುಲ್ಲು ಹಾಕೋಕೆ ಎದ್ದವನು ನೋಡ್ತೀನಿ, ಸೀರೆಯೆಲ್ಲ ಬೆವರಲ್ಲಿ ಒದ್ದೆ, ಕೈ ನಡುಕ, ಮಾತು ತೊದಲು, ನನ್ನನ್ನೇ ಯಾರು ಅಂತ ಕೇಳ್ತಾವಳೆ. ಪಕ್ಕದ ಮನೆ ಮಿಷನ್ ತಂದು ನೋಡಿದ್ರೆ 48. 70ರ ಕೆಳಗೆ ಹೋದ್ರೇ ಅಪಾಯ. ನುಂಗೋ ಶಕ್ತಿ ಇತ್ತು, ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದ್ವಿ. ಕಾಲು ಗಂಟೆಗೆ ಕಣ್ಣಿಗೆ ಕಳೆ ಬಂತು. ಪ್ರಜ್ಞೆ ತಪ್ಪಿದ್ರೆ ಬಾಯಿಗೆ ಏನೂ ಹುಯ್ಯಬಾರದಂತೆ, ಉಸಿರಿಗೆ ಹೋಗುತ್ತೆ, ಸೀದಾ 108ಕ್ಕೆ ಫೋನ್ ಮಾಡಬೇಕು. ಇದನ್ನ ನಮ್ಮೂರಲ್ಲಿ ಯಾರೂ ನನಗೆ ಹೇಳಿರಲಿಲ್ಲ. ಮುದ್ದೆ ಪುರಾಣ ಹೇಳೋಕೆ ಮಾತ್ರ ಐವತ್ತು ಜನ ಇದ್ರು.

ಬೆಳಗಾದ ಮೇಲೆ ಡಾಕ್ಟರ್ ಹತ್ರ ಓಡಿದೆ. ಅವರು ಬೈದ ಬೈಗುಳ ಇಲ್ಲಿ ಬರೆಯಲ್ಲ. ಆ ಜಾತಿ ಮಾತ್ರೆ ನುಂಗಿ ಊಟ ಬಿಟ್ರೆ ಸಕ್ಕರೆ ತಳ ಸೇರುತ್ತೆ. ವಯಸ್ಸಾದೋರಿಗೆ ಸಕ್ಕರೆ ಸ್ವಲ್ಪ ಹೆಚ್ಚಿರೋದಕ್ಕಿಂತ ಹಿಂಗೆ ಕುಸಿಯೋದು ಆ ಕ್ಷಣಕ್ಕೆ ಹೆಚ್ಚು ಕೆಟ್ಟದ್ದು, ಬಿದ್ದು ಸೊಂಟ ಮುರ್ಕೊತಾರೆ. ರಾತ್ರಿ ಮಾತ್ರೆ ಬದಲಾಯಿಸಿದ್ರು, ಮೂರು ಹೊತ್ತೂ ಹೊತ್ತಿಗೆ ಸರಿಯಾಗಿ ಊಟ ಹಾಕಿ ಅಂದ್ರು.

ಈಗ ಮುದ್ದೆ ಅರ್ಧ. ಅದರ ಪಕ್ಕ ಅವರೆಕಾಳೋ ಹುರುಳಿಕಾಳೋ ಗಟ್ಟಿ ಸಾರು, ಒಂದು ಹಿಡಿ ಜಾಸ್ತಿನೇ ಕಾಳು. ಮಿಕ್ಕ ತಟ್ಟೆ ತುಂಬ ಸೊಪ್ಪು, ಹುರುಳಿಕಾಯಿ, ಬದನೆ. ಮೊದಲು ಕಾಳು ಪಲ್ಯ, ಆಮೇಲೆ ಮುದ್ದೆ. ಒಂದಿನ ಅನ್ನ ಕೇಳಿದ್ರೆ ಮುದ್ದೆ ಬದಲು ಒಂದು ಸೌಟು ಅನ್ನ, ಎರಡೂ ಇಲ್ಲ. ರಾಗಿ ಗಂಜಿ ನಿಲ್ಸಿದ್ವಿ, ತೆಳ್ಳಗೆ ಕುಡಿದಿದ್ದು ಬೇಗ ರಕ್ತಕ್ಕೆ ಏರುತ್ತೆ. ಬೆಲ್ಲದ ಕಾಫಿನೂ ನಿಂತಿದೆ. ಬೆಲ್ಲ ನಮ್ಮ ಗಾಣದ್ದೇ ಆಗಿರಲಿ, ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆನೇ. ಹಾಗಲ ರಸ, ಇನ್ಸುಲಿನ್ ಗಿಡದ ಎಲೆ ಅಂತ ಮಾತ್ರೆ ಬಿಟ್ಟೋರ ಪಾಡು ನೋಡಿದೀನಿ, ಅದರ ಬಗ್ಗೆ ವಾದಕ್ಕೆ ಬರಬೇಡಿ.

ನಾಚಿಕೆ ವಿಚಾರ ಒಂದಿದೆ. ಈ ಕಾಳೆಲ್ಲ ನಮ್ಮ ಹೊಲದಲ್ಲೇ ಇತ್ತು. ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಅಲಸಂದೆ. ಕಾಯಿ ಬಿಡ್ತಿದ್ದ ಹಾಗೆ ಕಿತ್ತು ಸಂತೆಗೆ, ಹುರುಳಿ ಬೇಯಿಸಿ ಎತ್ತಿಗೆ. ಎತ್ತಿಗೆ ಕಾಳು, ಅವ್ವಂಗೆ ನೀರು ಸಾರು! 100 ಗ್ರಾಂ ಹುರುಳಿಯಲ್ಲಿ 20 ಗ್ರಾಂ ಮೇಲೆ ಪ್ರೋಟೀನ್ ಇದೆ, ರಾಗಿಯಲ್ಲಿ ಇರೋದು ಏಳು. ಈ ಸಲ ಒಂದು ಮೂಟೆ ಅವರೆ, ಅರ್ಧ ಮೂಟೆ ಹುರುಳಿ ಮನೆಗೆ ಅಂತ ಎತ್ತಿಟ್ಟಿದೀನಿ. ರೇಟ್ ಎಷ್ಟೇ ಬರಲಿ ಕೊಡಲ್ಲ.

ಅವ್ವ ಮೊದಮೊದಲು ಅರ್ಧ ಮುದ್ದೆ ನೋಡಿ ಅತ್ತಳು. “ಮಗನ ಮನೇಲಿ ಅರ್ಧ ಹೊಟ್ಟೆ ಅಂತಾರೆ ಕಣೋ ಜನ” ಅಂದ್ಲು. ಈಗ ಅವಳೇ ನಮ್ಮನೆಯವಳಿಗೆ, “ಕಾಳು ಕಮ್ಮಿ ಆಯ್ತು ಕಣವ್ವ” ಅಂತಾಳೆ. ಆರು ತಿಂಗಳಿಗೆ ಎಚ್‌ಬಿಎ1ಸಿ 7.6. ಅವಳ ವಯಸ್ಸಿಗೆ ಇದು ಸಾಕು, ಇನ್ನೂ ಇಳಿಸೋ ಹುಚ್ಚು ಬೇಡ ಅಂದಿದಾರೆ ಡಾಕ್ಟರು. ಕಾಲಿನ ಗಾಯನೂ ಮಾಯಿತು.

30 ದಾಟಿದೋರಿಗೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡ್ತಾರೆ. ಅಪ್ಪ ಅವ್ವನ್ನ ಕರ್ಕೊಂಡು ಹೋಗೋವಾಗ ನೀವೂ ಬೆರಳು ಕೊಟ್ಟು ಬನ್ನಿ. ನಮ್ಮನೇಲೂ ಈಗ ಮಿಷನ್ ಇದೆ, ರಾತ್ರಿ ಹೊತ್ತು ಬೇಕಾದ್ರೆ ಬಾಗಿಲು ತಟ್ಟಿ. ಸೂಜಿ ಮಾತ್ರ ಹೊಸದು ನೀವೇ ತನ್ನಿ.