ವ್ಯಾಯಾಮವೂ ಬೆವರಿನ ಉಪ್ಪೂ

ಮನೆಯಲ್ಲಿ ಕೆಮ್ಮುಳ್ಳವರೊಬ್ಬರಿದ್ದರೆ “ದಣಿಯಬೇಡ, ಮಲಗಿಕೋ” ಎಂಬ ಮಾತು ಹಿರಿಯರ ಬಾಯಿಂದ ತಾನಾಗಿಯೇ ಹೊರಡುವದು. ಅದು ಅಂತಃಕರಣದ ಮಾತೇ ಸರಿ. ಆದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ವ್ಯಾಧಿಯುಳ್ಳ ಪ್ರೌಢರಿಗೆ ಅದರಿಂದ ಹಿತಕ್ಕಿಂತ ಅಹಿತವೇ ಹೆಚ್ಚೆಂಬದನ್ನು ಈ ಸಲ ವಾಚಕರ ಮುಂದಿಡುವೆವು.

ಇದು ಸೋಂಕಿನಿಂದ ಬರುವ ವ್ಯಾಧಿಯಲ್ಲ. ತಾಯಿ ತಂದೆಗಳಿಬ್ಬರಿಂದಲೂ ದೋಷಯುಕ್ತವಾದ ಒಂದೊಂದು ವಂಶವಾಹಿ ಬಂದಾಗ ಹುಟ್ಟಿನೊಡನೆಯೇ ಬರತಕ್ಕದ್ದು. ಆ ವಂಶವಾಹಿಯನ್ನು ೧೯೮೯ರಲ್ಲಿ ಕಂಡುಹಿಡಿದರು. ಅದರ ದೋಷದಿಂದ ಶರೀರದಲ್ಲಿ ಉಪ್ಪು ನೀರುಗಳ ಸಂಚಾರವು ಕೆಟ್ಟು, ಶ್ವಾಸಕೋಶದ ಕಫವು ಅಂಟಾಗಿ ನಿಲ್ಲುವದು, ಪಚನವೂ ಕುಂದುವದು. ೧೯೩೮ರಲ್ಲಿ ಡೊರೊಥಿ ಆಂಡರ್ಸನ್ ಎಂಬ ವೈದ್ಯೆಯು ಇದನ್ನು ವಿವರಿಸಿದಾಗ ಇದು ಶಿಶುಗಳ ಮೃತ್ಯುವೇ ಆಗಿದ್ದಿತು. ಈಗ ಸರಿಯಾದ ಚಿಕಿತ್ಸೆ ದೊರೆತವರು ಬೆಳೆದು ಸಂಸಾರ ಉದ್ಯೋಗಗಳನ್ನು ನಡೆಸುವರು. ನಮ್ಮ ದೇಶದಲ್ಲಿ ಇದು ಇಲ್ಲವೆಂಬ ಹಳೆಯ ನಂಬಿಕೆಯೂ ಸುಳ್ಳಾಗಿದೆ. ಕ್ಷಯವೆಂದೋ ಉಬ್ಬಸವೆಂದೋ ತಪ್ಪು ತಿಳಿಯುವದುಂಟು.

ನಡೆದಾಗ ಉಸಿರು ಆಳವಾಗುವದು, ಕಫವು ಸಡಿಲಾಗುವದು, ಎಲುಬು ಸ್ನಾಯುಗಳು ಬಲಿಯುವವು. ಆದುದರಿಂದ ವ್ಯಾಯಾಮವು ಇಂಥವರಿಗೆ ಚಿಕಿತ್ಸೆಯ ಒಂದು ಅಂಗವೇ ಆಗಿದೆ. ಆದರೂ ಕಫ ತೆಗೆಯಲು ವೈದ್ಯರು ಕಲಿಸಿದ ಕ್ರಮವನ್ನೂ ಔಷಧವನ್ನೂ ಇದಕ್ಕಾಗಿ ಬಿಡಕೂಡದು.

ಎಷ್ಟು ಮಾಡಬೇಕು? ಬಲವುಳ್ಳವನೂ ತನ್ನ ಶಕ್ತಿಯ ಅರ್ಧದಷ್ಟೇ, ಅದೂ ಚಳಿಗಾಲ ವಸಂತಗಳಲ್ಲಿ, ವ್ಯಾಯಾಮ ಮಾಡಬೇಕು; ಉಳಿದ ಕಾಲದಲ್ಲಿ ಇನ್ನೂ ಮಂದವಾಗಿ ಎಂದು ವಾಗ್ಭಟಾಚಾರ್ಯರ ಮತ. ಅವರು ಈ ವ್ಯಾಧಿಯನ್ನು ಕುರಿತು ಹೇಳಿದ್ದಲ್ಲ. ಆದರೂ ಕೊಪ್ಪಳ, ಯಲಬುರ್ಗಾ, ಕುಷ್ಟಗಿಗಳ ಬೇಸಗೆಯನ್ನು ಬಲ್ಲವರಿಗೆ ಅದರ ಬೆಲೆ ತಿಳಿಯದಿರದು. ೧೯೪೮ರಲ್ಲಿ ನ್ಯೂಯಾರ್ಕಿನಲ್ಲಿ ವಿಪರೀತ ಸೆಕೆಯಾದಾಗ ಈ ವ್ಯಾಧಿಯ ಮಕ್ಕಳು ಬಳಲಿ ಬಿದ್ದರು. ಅದರ ಕಾರಣವನ್ನು ಅರಸಿದ ಡಿ ಸಾಂತ್ ಆನ್ಯೇಸೆ ಎಂಬ ವೈದ್ಯರು, ಇವರ ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುವದೆಂದು ೧೯೫೩ರಲ್ಲಿ ಪ್ರಕಟಿಸಿದರು. ಇಂದಿಗೂ ಬೆವರಿನ ಪರೀಕ್ಷೆಯಿಂದಲೇ ರೋಗವನ್ನು ನಿಶ್ಚಯಿಸುವರು.

ಇವರಿಗೆ ದಾಹವೂ ತಕ್ಕ ಹೊತ್ತಿಗೆ ತೋರುವದಿಲ್ಲ. ಆದ್ದರಿಂದ ನೀರಡಿಕೆಯ ದಾರಿ ಕಾಯದೆ, ನಡುನಡುವೆ ಉಪ್ಪು ಬೆರೆಸಿದ ಮಜ್ಜಿಗೆಯನ್ನೋ ಓಆರ್‌ಎಸ್ ನೀರನ್ನೋ ಕುಡಿಯಬೇಕು. ರಕ್ತದೊತ್ತಡವುಳ್ಳ ಅಜ್ಜನಿಗೆ ಉಪ್ಪು ಬೇಡವೆಂದ ವೈದ್ಯರೇ ಈ ಮೊಮ್ಮಗನಿಗೆ ಹೆಚ್ಚು ಉಪ್ಪು ತಿನ್ನಲು ಹೇಳಿದರೆ ಮನೆಯವರು ಬೆರಗಾಗಬಾರದು. ಪ್ರಮಾಣವನ್ನು ಮಾತ್ರ ವೈದ್ಯರಿಂದಲೇ ಕೇಳಿಕೊಳ್ಳತಕ್ಕದ್ದು. ದುಡಿದಷ್ಟಕ್ಕೆ ತಕ್ಕಂತೆ ಬೆಣ್ಣೆ, ಶೇಂಗಾ, ರೊಟ್ಟಿಗಳನ್ನೂ ಹೆಚ್ಚಿಸಬೇಕು. ಮಧುಮೇಹವೂ ಕೂಡಿಕೊಂಡವರು ಸಕ್ಕರೆಯ ಪ್ರಮಾಣವನ್ನು ನೋಡಿಕೊಂಡೇ ಹೊರಡಲಿ.

ಸ್ಥಳವನ್ನೂ ವಿಚಾರಿಸಬೇಕು. ಗಂಗಾವತಿಯಲ್ಲಿ ಭತ್ತದ ಗಿರಣಿಗಳ ಧೂಳಿನಿಂದಲೂ, ಬೂಸಲು ಹಿಡಿದ ಹುಲ್ಲಿನ ಬಣವಿಗಳಿಂದಲೂ, ನಿಂತ ನೀರಿನಿಂದಲೂ ದೂರವಿರುವದು ಲೇಸು. ಅಂಜನಾದ್ರಿಯ ಐನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಏರಬೇಕೆಂಬ ಆಸೆಯಿದ್ದರೆ ಮೊದಲು ವೈದ್ಯರನ್ನು ಕೇಳಿ, ಚಳಿಗಾಲದ ಮುಂಜಾನೆ, ಮಾತಾಡಲು ಉಸಿರು ಉಳಿಯುವಷ್ಟೇ ವೇಗದಿಂದ, ಕುಳಿತೆದ್ದು ಏರಲಿ. ಕಫದಲ್ಲಿ ರಕ್ತ, ಎದೆನೋವು, ಜ್ವರ, ತಲೆಸುತ್ತು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಗೃಹಸ್ಥರಲ್ಲಿ ನಮ್ಮ ವಿನಂತಿಯಿಷ್ಟೇ: ಮನೆಯಲ್ಲಿ ಇಂಥವರಿದ್ದರೆ ಹಾಸಿಗೆ ಹಾಸಿಕೊಡುವ ಬದಲು, ಬೆಳಗಿನ ತಂಪಿನಲ್ಲಿ ಮಜ್ಜಿಗೆಯ ತಂಬಿಗೆಯೊಡನೆ ಅವರ ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ.