ಬಂದುದೆಲ್ಲವೂ ಬೆರಕೆಯೆ?

ನಮ್ಮ ಕಡೆಯ ಕನ್ನಡವು ಕೆಟ್ಟುಹೋಯಿತೆಂದು ಮರುಗುವವರಿಗೆ ಕೊರತೆಯಿಲ್ಲ. ಪಾಲಕೋಡಿನ ಮಾರುಕಟ್ಟೆಯಲ್ಲಿ ಕನ್ನಡ ಮನೆಯ ಹುಡುಗನು ‘ತಕ್ಕಾಳಿಗೆ ಬೆಲೆಯಿಲ್ಲ’ ಎಂದರೆ, ಇದು ಕನ್ನಡವೆ ಎಂದು ನಗುವ ಪಂಡಿತರುಂಟು. ‘ಟೊಮೆಟೊ’ ಎನ್ನಬೇಕಂತೆ! ಅದು ಯಾವ ಹಳಗನ್ನಡ ಕಾವ್ಯದ ಪದ? ಮೆಕ್ಸಿಕೋದ ಮೂಲನಿವಾಸಿಗಳ ನುಡಿಯಿಂದ ಸ್ಪೇನಿನವರು ಎತ್ತಿಕೊಂಡ ಶಬ್ದವದು. ಹೆಸರಿರಲಿ, ಹಣ್ಣೇ ಅಮೆರಿಕದಿಂದ ಬಂದುದು. ಇಂದು ನಮ್ಮ ಸುತ್ತಿನ ಎಷ್ಟೋ ರೈತರ ಬಾಳು ಅದನ್ನೇ ನಂಬಿದೆ.

ಶುದ್ಧಿಯ ವ್ರತ ತೊಟ್ಟವರು ಮೊದಲು ಮುದ್ದೆಯನ್ನು ಬಿಡಬೇಕಾದೀತು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಅದು ಇತ್ತ ಬಂದಿತು. 16ನೆಯ ಶತಮಾನದ ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯ ಗರ್ವವನ್ನು ಮುರಿದು, ಆ ರಾಗಿಗೆ ರಾಘವನ ಹೆಸರನ್ನೇ ಕೊಡಿಸಿದರು. ಪೋರ್ಚುಗೀಸರ ಹಡಗಿನಲ್ಲಿ ಬಂದ ಮೆಣಸಿನಕಾಯಿಯಂತೂ ಮೆಣಸಿನ ಹೆಸರನ್ನೇ ಕಸಿದುಕೊಂಡಿತು. ಮನೆಯ ಮೆಣಸು ‘ಕರಿಮೆಣಸು’ ಎನಿಸಿಕೊಳ್ಳಬೇಕಾಯಿತು.

ಇದು ನಮ್ಮೊಬ್ಬರ ಕಥೆಯಲ್ಲ. ಪ್ರಾಚೀನತೆಯ ಅಭಿಮಾನದಲ್ಲಿ ಯಾರಿಗೂ ಸೋಲದ ಚೀನವನ್ನು ನೋಡಿ. ಟೊಮೆಟೊವನ್ನು ಅದು ‘ಪರದೇಶದ ಬದನೆ’ ಎಂದು ಕರೆಯಿತು. ನಾವು ಸೀಮೆಎಣ್ಣೆ ಎಂದುದನ್ನು ಅವರು ‘ಕಡಲಾಚೆಯ ಎಣ್ಣೆ’ ಎಂದರು. ಎರಡು ತಂತಿಯ ‘ಎರ್‌ಹು’ ವಾದ್ಯದ ಹೆಸರಿನಲ್ಲಿರುವ ‘ಹು’ ಎಂಬುದು ಹಿಂದೆ ಉತ್ತರದ ಪರಕೀಯರನ್ನು ಸೂಚಿಸುತ್ತಿದ್ದ ಶಬ್ದ. ಇಂದು ಚೀನೀ ಸಂಗೀತವೆಂದೊಡನೆ ನೆನಪಾಗುವುದು ಆ ವಾದ್ಯವೇ! ನಮ್ಮ ಪಿಟೀಲು ಬೇರೆಯೆ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು (1786–1858) ಐರೋಪ್ಯ ವಾದ್ಯವನ್ನು ನಮ್ಮ ರಾಗಗಳಿಗೆ ಪಳಗಿಸಿದರು, ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದರು.

ಹಾಗಾದರೆ ಬಂದುದನ್ನೆಲ್ಲ ಅಪ್ಪಿಕೊಳ್ಳಬೇಕೆ? ಖಂಡಿತ ಇಲ್ಲ. ನಮ್ಮ ನೆಲದಲ್ಲಿ ಬೆಳೆಸಿದ ಅಫೀಮನ್ನು ಬ್ರಿಟಿಷ್ ವರ್ತಕರು ಚೀನಕ್ಕೆ ಸಾಗಿಸಿದರು. ತಡೆಯಹೋದ ಚೀನದ ಮೇಲೆ 1839–42ರ ಯುದ್ಧವೇ ನಡೆಯಿತು. ಪಿಟೀಲು ನಮ್ಮ ಕೈಗೆ ಬಗ್ಗಿತು. ಅಫೀಮು ಮನುಷ್ಯನನ್ನೇ ಬಗ್ಗಿಸಿತು. ನೋಡಬೇಕಾದುದು ಈ ಭೇದವನ್ನು, ಹುಟ್ಟಿದೂರನ್ನಲ್ಲ.

ಈಗ ಆ ಹುಡುಗನ ಮಾತನ್ನು ಮತ್ತೆ ಕೇಳಿ. ‘ತಕ್ಕಾಳಿ’ ತಮಿಳಿನದಿರಬಹುದು, ‘ಗೆ’ ಎಂಬ ವಿಭಕ್ತಿ ಕನ್ನಡದ್ದು, ‘ಬೆಲೆ’ ಕನ್ನಡದ್ದು, ‘ಇಲ್ಲ’ ಕನ್ನಡದ್ದು. ಬಂದ ಪದವನ್ನು ಅವನು ಕನ್ನಡದ ಕಟ್ಟಿನಲ್ಲಿ ಕೂರಿಸಿದ್ದಾನೆ. ನಾವು ನಕ್ಕರೆ ಅವನು ಶುದ್ಧ ಕನ್ನಡವನ್ನು ಕಲಿಯುವುದಿಲ್ಲ. ನಾಚಿ, ಕನ್ನಡದಲ್ಲಿ ಬಾಯಿ ತೆರೆಯುವುದನ್ನೇ ಬಿಡುತ್ತಾನೆ. ಇಲ್ಲಿ ಎಷ್ಟೋ ಕುಟುಂಬಗಳಲ್ಲಿ ಕನ್ನಡವು ಮನೆಯೊಳಗಿನ ಮಾತಾಗಿ ಮಾತ್ರ ಉಳಿದಿದೆ. ಆ ಮನೆಯಲ್ಲೂ ಅದು ಮೌನವಾದರೆ ಶುದ್ಧಮಾಡಲು ಉಳಿಯುವುದಾದರೂ ಏನು? ಪಂಡಿತರು ನಗುವುದನ್ನು ಬಿಟ್ಟು ಅವನ ಕೈಗೊಂದು ಕನ್ನಡ ಪುಸ್ತಕವನ್ನು ಕೊಡಲಿ.